ಬಾಗಿಲ ಹೊರಗೆ ನಿಂತ ಸಹೋದರಿ

ಭಾನುವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಟೀಚರಮ್ಮನಿಗೆ,

ಕರ್ತನ ಹೆಸರಿನಲ್ಲಿ ವಂದನೆಗಳು. ನಾನು ಇಲ್ಲಿ ಕ್ಷೇಮ. ನೀನು ಅತ್ತಿಗೆಯ ಮನೆಯಲ್ಲಿ ಕ್ಷೇಮವಾಗಿದ್ದೀಯೆಂದು ಅವರ ಮನೆಯ ಕೆಳಗಿನ ದರ್ಜಿಯಿಂದ ತಿಳಿಯಿತು. ಕೇಳದೆಯೇ ಹೇಳಿದ. ಇರಲಿ, ನಾನೇ ಕೇಳಿದೆ.

ವಿಷಯ: ಕೆಂಪು ಪೆನ್ಸಿಲು.

ನಗಬೇಡ. ಮೂವತ್ತು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಪತ್ರ ಬರೆದ ಕೈ ಇದು. ‘ವಿಷಯ’ ಎಂದು ಬರೆಯದಿದ್ದರೆ ಮುಂದಿನ ಸಾಲಿಗೆ ಇಳಿಯುವುದಿಲ್ಲ. ಐದು ತಿಂಗಳ ಹಿಂದೆ ನೀನು ಈ ಮನೆ ಬಿಟ್ಟು ಹೊರಟಾಗ ನಿನ್ನ ಬಟ್ಟೆ, ನಿನ್ನ ಬೈಬಲ್, ನಿನ್ನ ಎರಡು ಕನ್ನಡಕಗಳ ಜೊತೆಗೆ ನನ್ನ ಮೇಜಿನ ಮೇಲಿದ್ದ ಕೆಂಪು ಪೆನ್ಸಿಲನ್ನೂ ಒಯ್ದಿದ್ದೀಯ. ನನ್ನ ಮೇಜಿನ ಮೇಲಿದ್ದದ್ದರಿಂದ ಅದು ನನ್ನದೇ ಎಂದು ಇಷ್ಟು ವರ್ಷ ತಿಳಿದಿದ್ದೆ. ದಯವಿಟ್ಟು ಯಾರ ಕೈಯಲ್ಲಾದರೂ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ. ಇಷ್ಟೇ ವಿಷಯ.

ಇಷ್ಟೇ ಎಂದು ಬರೆದು, ಎದ್ದು ಹೋಗಿ ಒಂದು ಲೋಟ ಟೀ ಮಾಡಿಕೊಂಡು ಬಂದೆ. ಇಷ್ಟೇ ಅಲ್ಲ.

ಮನೆಯ ಮಟ್ಟಿಗೆ ಏನೂ ತೊಂದರೆಯಿಲ್ಲ. ಮೊಟ್ಟೆ ಬೇಯಿಸುವುದನ್ನು ಕಲಿತೆ. ಕಲಿತ ದಿನದಿಂದ ಅದನ್ನೇ ತಿನ್ನುತ್ತಿದ್ದೇನೆ. ತೊಂದರೆ ಇರುವುದು ಕಥೆಯಲ್ಲಿ. ನಮ್ಮ ಸಭೆಯ ಮಾಸಪತ್ರಿಕೆಯಲ್ಲಿ ಬರುತ್ತಿರುವ ನನ್ನ ಹದಿನೇಳನೆಯ ಧಾರಾವಾಹಿಯನ್ನು ನೀನು ಈಗ ಓದುತ್ತಿಲ್ಲವೆಂದು ಕಾಣುತ್ತದೆ. ಆದ್ದರಿಂದ ಅದರ ಸದ್ಯದ ಸ್ಥಿತಿಯನ್ನು ತಿಳಿಸುತ್ತೇನೆ. ನಾಯಕಿ ಗಂಡನ ಮೇಲೆ ಮುನಿಸಿಕೊಂಡು ಮನೆ ಬಿಟ್ಟಿದ್ದವಳು, ನೀನು ಹೊರಟ ತಿಂಗಳಿನ ಸಂಚಿಕೆಯಲ್ಲಿ ಪಶ್ಚಾತ್ತಾಪಪಟ್ಟು ಮರಳಿ ಬಂದಳು. ಮಳೆ ಸುರಿಯುತ್ತಿತ್ತು. ಬಾಗಿಲು ತಟ್ಟಿದಳು.

ಇನ್ನೂ ಅಲ್ಲಿಯೇ ನಿಂತಿದ್ದಾಳೆ.

ನಾನೇನು ಕೈಕಟ್ಟಿ ಕೂತಿಲ್ಲ. ಮೊದಲ ತಿಂಗಳು ಮಳೆಯನ್ನು ಜೋರು ಮಾಡಿದೆ. ಎರಡನೆಯ ತಿಂಗಳು ಮಳೆ ನಿಲ್ಲಿಸಿ, ಅವಳ ಬಾಲ್ಯವನ್ನು ನೆನಪಿಗೆ ತಂದೆ. ಮೂರನೆಯ ತಿಂಗಳು ಒಂದು ನಾಯಿ ಬಂತು, ಅವಳನ್ನು ನೋಡಿತು, ಹೋಯಿತು. ನಾಲ್ಕನೆಯ ತಿಂಗಳು ಎರಡು ಪುಟ ಪೂರ್ತಿ ಬಾಗಿಲ ಚಿಲಕವನ್ನೇ ವರ್ಣಿಸಿದೆ. ಅದು ಅಷ್ಟೇನೂ ಕೆಟ್ಟದಾಗಿಲ್ಲ, ಬೇಕಾದರೆ ಓದಿ ನೋಡು. ಐದನೆಯ ತಿಂಗಳು ಬೇರೆ ದಾರಿ ಕಾಣದೆ ಮತ್ತೆ ಮಳೆ ತಂದೆ.

ಓದುಗರ ತಾಳ್ಮೆ ಕೆಟ್ಟಿದೆ. ಗಾಯನ ತಂಡದ ದೊಡ್ಡ ದನಿಯ ಅಮ್ಮ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಔಷಧಿ ಅಂಗಡಿಯವರು ಮೊಣಕಾಲಿಗೆ ಹಚ್ಚುವ ಮುಲಾಮು ಕೊಟ್ಟು, ನಿಮಗಲ್ಲ, ಅವಳಿಗೆ ಎಂದರು. ನಮ್ಮ ಸಂಪಾದಕಿಯ ಕಸುಬು ಹಲ್ಲಿನ ಡಾಕ್ಟರಿಕೆ ಎಂಬುದು ನಿನಗೆ ಗೊತ್ತೇ ಇದೆ. ಹೋದ ವಾರ ಹುಳುಕು ಹಲ್ಲು ತೋರಿಸಲು ಹೋದೆ. ಬಾಯಿ ತೆರೆಸಿ, ಇಕ್ಕಳ ಒಳಗಿಟ್ಟು, ಈ ಸಂಚಿಕೆಯಲ್ಲಾದರೂ ಬಾಗಿಲು ತೆಗೆಯುತ್ತೀರೋ ಇಲ್ಲವೋ ಎಂದು ಕೇಳಿದರು. ಆ ಸ್ಥಿತಿಯಲ್ಲಿ ಯಾರು ತಾನೇ ಇಲ್ಲ ಎನ್ನುತ್ತಾರೆ.

ಈ ಬಾಗಿಲನ್ನು ತೆಗೆಯುವುದು ನನಗೇಕೆ ಕಷ್ಟವಾಯಿತೆಂದು ನಿನಗೆ ವಿವರಿಸಬೇಕಾಗಿಲ್ಲ. ನನ್ನ ಕಥೆಗಳನ್ನು ಪತ್ರಿಕೆಗೆ ಕೊಡುವ ಮುಂಚೆ ನೀನು ಒಮ್ಮೆ ಕಣ್ಣಾಡಿಸುತ್ತಿದ್ದೆ. ಆ ಕೆಂಪು ಪೆನ್ಸಿಲಿನಿಂದ ಅಲ್ಲೊಂದು ಅಕ್ಷರ, ಇಲ್ಲೊಂದು ಒತ್ತು ತಿದ್ದುತ್ತಿದ್ದೆ.

ಮೇಲಿನ ಸಾಲನ್ನು ಹೊಡೆದು ಹಾಕಬೇಕೆಂದಿದ್ದೆ. ಬೇಡ, ಇರಲಿ. ನಾನು ಎಷ್ಟು ಸರಾಗವಾಗಿ ಸುಳ್ಳು ಬರೆಯಬಲ್ಲೆ ಎಂಬುದಕ್ಕೆ ಸಾಕ್ಷಿಯಾಗಿ ಇರಲಿ. ನೀನು ತಿದ್ದುತ್ತಿದ್ದದ್ದು ಒತ್ತನ್ನಲ್ಲ. ಮೊದಲ ಕಥೆಯಲ್ಲಿ ಕೊನೆಯ ಸಾಲು ನಿನ್ನದು. ಮೂರನೆಯದರಲ್ಲಿ ಕೊನೆಯ ಪುಟ ನಿನ್ನದು. ಏಳನೆಯದರಿಂದ ಈಚೆಗೆ ಕೊನೆಯ ಅಧ್ಯಾಯವೇ ನಿನ್ನದು. ನಾನು ಎಲ್ಲರನ್ನೂ ಪಾಪಕ್ಕೆ ಬೀಳಿಸಿ, ಜಗಳ ಹಚ್ಚಿ, ಮಳೆ ಸುರಿಸಿ, ಹಾಳೆಗಳನ್ನು ನಿನ್ನ ಮುಂದಿಟ್ಟು ತಿರುಗಾಡಲು ಹೋಗುತ್ತಿದ್ದೆ. ಬರುವಷ್ಟರಲ್ಲಿ ನೀನು ಎಲ್ಲರಿಗೂ ಕ್ಷಮೆ ಕೊಡಿಸಿ ಮಲಗಿಸಿರುತ್ತಿದ್ದೆ. ಇಪ್ಪತ್ತೈದು ವರ್ಷ ಜನ ನನ್ನ ಬೆನ್ನು ತಟ್ಟಿದ್ದು ನೀನು ಬರೆದ ಪುಟಗಳಿಗೆ.

ಈಗ ಹೊಸ ಸಭಾಪಾಲಕರ ವಿಷಯಕ್ಕೆ ಬರುತ್ತೇನೆ. ನೀನು ಅತ್ತಿಗೆಯ ಜೊತೆ ಅವರ ಕಡೆಯ ಚರ್ಚಿಗೆ ಹೋಗುತ್ತಿರುವುದರಿಂದ ಇವರನ್ನು ಕಂಡಿಲ್ಲ. ಬಂದು ಮೂರು ತಿಂಗಳಾಯಿತು. ತುಂಬ ಒಳ್ಳೆಯವರು, ಆದರೆ ಕಥೆ ಗಿಥೆ ಓದುವವರಲ್ಲ. ನಮ್ಮಲ್ಲಿ ಬಾಗಿಲ ಬಳಿ ಇಟ್ಟಿರುವ ಪೆಟ್ಟಿಗೆಗೆ ಪ್ರಾರ್ಥನೆಯ ಚೀಟಿ ಹಾಕುತ್ತಾರಲ್ಲ, ಅದನ್ನು ಅವರು ಒಂದೂ ಬಿಡದೆ ಓದಿ ಪ್ರಾರ್ಥಿಸುತ್ತಾರೆ. ಮೂರು ವಾರದ ಹಿಂದೆ ಒಂದು ಚೀಟಿ ಬಂತು: ಮಳೆಯಲ್ಲಿ ಬಾಗಿಲ ಹೊರಗೆ ನಿಂತಿರುವ ನಮ್ಮ ಸಹೋದರಿಗಾಗಿ. ಸಭಾಪಾಲಕರು ಕಣ್ಣು ಮುಚ್ಚಿ, ದನಿ ನಡುಗಿಸಿ ಪ್ರಾರ್ಥಿಸಿದರು. ಸಭೆ ಆಮೆನ್ ಎಂದಿತು. ನಾನೂ ಎಂದೆ. ಬೇರೆ ಏನು ಮಾಡಲಿ?

ಮುಂದಿನ ವಾರ ಅದೇ ಸಹೋದರಿಗೆ ಹನ್ನೊಂದು ಚೀಟಿ. ಒಬ್ಬರು ಅವಳ ಮೊಣಕಾಲಿಗಾಗಿ, ಒಬ್ಬರು ಅವಳ ಸಹನೆಗಾಗಿ, ಒಬ್ಬರು ಗಂಡನಿಗೆ ಬುದ್ಧಿ ಬರಲೆಂದು. ನಾಯಿಗಾಗಿ ಕೂಡ ಒಂದಿತ್ತು. ಸಭಾಪಾಲಕರ ಕಣ್ಣಲ್ಲಿ ನೀರು. ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರನ್ನು ಕರೆದು ಅವಳ ವಿಳಾಸ ಕೇಳಿದರಂತೆ. ಒಬ್ಬ ಹಿರಿಯರಿಗೂ ನಿಜ ಹೇಳಲು ಧೈರ್ಯ ಸಾಲಲಿಲ್ಲ. ಅವಳು ಸ್ವಲ್ಪ ದೂರದಲ್ಲಿರುತ್ತಾಳೆ ಎಂದು ಹೇಳಿ ಜಾರಿಕೊಂಡರು.

ಇವತ್ತು ಬೆಳಿಗ್ಗೆ ನಾನು ಹೋಗಿ ಕೂತರೆ, ಪ್ರಸಂಗಪೀಠದ ಪಕ್ಕದಲ್ಲಿ ಒಂದು ಕಂಬಳಿ, ಒಂದು ದೊಡ್ಡ ಕಪ್ಪು ಕೊಡೆ. ಸಭಾಪಾಲಕರು ಪ್ರಸಂಗ ಬದಿಗಿಟ್ಟು ನೇರವಾಗಿ ಕೇಳಿದರು. ಮೂರು ವಾರದಿಂದ ಒಬ್ಬ ಹೆಂಗಸು ಬೀದೀಲಿ ನಿಂತಿದ್ದಾಳೆ, ನಾವೆಲ್ಲ ಇಲ್ಲಿ ಕೂತು ಹಾಡ್ತಾ ಇದ್ದೀವಿ, ಯಾರ ಮನೆ ಅದು, ಆ ಗಂಡಸು ಈ ಸಭೆಯವನೇ ಆಗಿದ್ರೆ ಎದ್ದು ನಿಲ್ಲಲಿ ಎಂದರು.

ಇನ್ನೂರು ತಲೆಗಳು ನನ್ನ ಕಡೆ ತಿರುಗಿದವು. ಎದ್ದು ನಿಂತೆ. ಅವಳು ನಿಜವಾದವಳಲ್ಲ, ನನ್ನ ಕಥೆಯವಳು ಎಂದೆ. ಸಭಾಪಾಲಕರು ಪೀಠದಿಂದ ಇಳಿದು ನನ್ನ ಹತ್ತಿರ ಬಂದರು. ಸಿಟ್ಟಾಗುತ್ತಾರೆಂದುಕೊಂಡೆ. ಸಿಟ್ಟಾಗಿದ್ದರೆ ಬಚಾವಾಗುತ್ತಿದ್ದೆ. ಅವರು ಮಗುವನ್ನು ಕೇಳುವ ಹಾಗೆ ಮೆಲ್ಲಗೆ, ಹಾಗಾದ್ರೆ ಬಾಗಿಲು ತೆಗೆಯೋಕೆ ನಿಮಗೇನು ಕಷ್ಟ ಎಂದು ಕೇಳಿದರು.

ನನಗೆ ಬರಲ್ಲ ಎಂದೆ. ಇಷ್ಟು ವರ್ಷ ನನ್ನ ಹೆಂಡತಿ ತೆಗೀತಿದ್ದಳು ಎಂದೆ.

ಬಾಯಿಂದ ಹೊರಬಿದ್ದ ಮೇಲೆ ನಿಲ್ಲಿಸಲಾಗಲಿಲ್ಲ. ಮೊದಲ ಸಾಲಿನಿಂದ ಹಿಡಿದು ಕೊನೆಯ ಅಧ್ಯಾಯದವರೆಗೆ ಎಲ್ಲವನ್ನೂ ಹೇಳಿದೆ. ಹದಿನಾರು ಧಾರಾವಾಹಿಯಲ್ಲಿ ಕಳ್ಳ, ಕುಡುಕ, ಬಡ್ಡಿಯವ, ಸುಳ್ಳು ಸಾಕ್ಷಿ ಹೇಳಿದವ ಎಲ್ಲರ ಬಾಯಲ್ಲೂ ತಪ್ಪೊಪ್ಪಿಗೆ ಹೇಳಿಸಿದ್ದೇನೆ. ನಾನೇ ಹೇಳಿದ್ದು ಇದೇ ಮೊದಲು. ಅವರೆಲ್ಲ ಅಷ್ಟು ಉದ್ದ ಮಾತಾಡುತ್ತಿದ್ದದ್ದು ತಪ್ಪೆಂದು ಆಗ ಗೊತ್ತಾಯಿತು. ನಿಜವಾಗಿ ಹೇಳುವಾಗ ನಾಲ್ಕೈದು ಮಾತಿಗೆ ಎಲ್ಲ ಮುಗಿದುಹೋಗುತ್ತದೆ.

ಸಭೆ ಬೆಚ್ಚಿಬೀಳುತ್ತದೆ ಎಂದುಕೊಂಡಿದ್ದೆ. ಏನೂ ಇಲ್ಲ. ಯಾರೋ ಆಕಳಿಸಿದರು. ಹೊರಗೆ ಬಂದಾಗ ದೊಡ್ಡ ದನಿಯ ಅಮ್ಮ ಹತ್ತಿರ ಬಂದು, ಅದು ಮೂರನೇ ಕಥೆಯಿಂದ್ಲೇ ನಮಗೆಲ್ಲ ಗೊತ್ತಿತ್ತಲ್ಲ, ನಿಮ್ಮ ಭಾಗ ಬೇಗ ಬೇಗ ಓದಿ ಮುಗಿಸಿ ಟೀಚರಮ್ಮನ ಭಾಗ ನಿಧಾನವಾಗಿ ಓದ್ತಿದ್ವಿ ಎಂದರು. ಅಷ್ಟೂ ಜನ ತಲೆಯಾಡಿಸಿದರು. ಇಪ್ಪತ್ತೈದು ವರ್ಷ ನಾನು ಗುಟ್ಟು ಕಾಪಾಡಿದ್ದು ನನ್ನೊಬ್ಬನಿಂದ.

ಇನ್ನು, ಇಪ್ಪತ್ತೈದು ವರ್ಷ ಕಥೆ ಬರೆದದ್ದಕ್ಕೆ ಸಭೆಯವರು ನನಗೆ ಮಾಡಿದ ಆ ಸನ್ಮಾನದ ದಿನದ ಮಾತು. ನೀನು ಮನೆ ಬಿಟ್ಟದ್ದು ಅದರ ಮಾರನೆಯ ಬೆಳಿಗ್ಗೆ. ನನಗೆ ಗೋಡೆ ಗಡಿಯಾರ ಕೊಟ್ಟರು. ನಾನು ದೇವರಿಗೆ, ಹಿಂದಿನ ಸಭಾಪಾಲಕರಿಗೆ, ಮುದ್ರಣಾಲಯದವರಿಗೆ, ನನ್ನ ಕುರ್ಚಿಯ ಕಾಲು ಸರಿಮಾಡಿದ ಬಡಗಿಗೆ, ಕೊನೆಗೆ ಮೇಜಿನ ಫ್ಯಾನಿಗೆ ಕೂಡ ಧನ್ಯವಾದ ಹೇಳಿ ಕೂತೆ. ನೀನು ಎರಡನೆಯ ಸಾಲಿನಲ್ಲಿದ್ದೆ. ಮನೆಗೆ ಬಂದ ಮೇಲೆ, ಅಯ್ಯೋ ಗಡಿಬಿಡಿಯಲ್ಲಿ ನಿನ್ನ ಹೆಸರು ಹೇಳಲು ಮರೆತೆ ಎಂದೆ. ನೀನು ದೀಪ ಆರಿಸಿದೆ.

ಮರೆತಿರಲಿಲ್ಲ. ಜೇಬಿನಲ್ಲಿದ್ದ ಚೀಟಿಯಲ್ಲಿ ದೇವರ ಕೆಳಗೆ ಎರಡನೆಯದೇ ನಿನ್ನ ಹೆಸರು. ಅದನ್ನು ಕಣ್ಣಿಂದ ಓದಿದೆ, ಬಾಯಿಂದ ದಾಟಿದೆ. ನನ್ನ ಹೆಂಡತಿ ಸಹಾಯ ಮಾಡುತ್ತಾಳೆ ಎಂದರೆ ಯಾವುದರಲ್ಲಿ ಎಂದು ಯಾರಾದರೂ ಕೇಳಬಹುದೆಂಬ ಹೆದರಿಕೆ. ನಿನಗೆ ಇದೂ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಮರೆತವನ ಮೇಲೆ ಮುನಿಸಿಕೊಂಡು ನೀನು ಮನೆ ಬಿಡುವವಳಲ್ಲ. ನಾಚಿಕೆಯಾಗುತ್ತಿದೆ, ಟೀಚರಮ್ಮ. ಇದನ್ನು ಬರೆಯಲು ಇನ್ನೊಂದು ಲೋಟ ಟೀ ಬೇಕಾಯಿತು.

ಮನೆಗೆ ಬಂದವನೇ ಕೂತು ಬಾಗಿಲು ತೆಗೆದೆ. ನಾನೇ ತೆಗೆದೆ. ನಾಲ್ಕು ಸಾಲಿಗೆ ಒಂದೂವರೆ ಗಂಟೆ ಹಿಡಿಯಿತು. ನಮ್ಮ ಎಲ್ಲ ಕಥೆಗಳಲ್ಲಿ ಹೆಂಡತಿಯೇ ಒಳಗೆ ಬಂದು ಕ್ಷಮೆ ಕೇಳಬೇಕೆಂದು ನಾನು ಹಟ ಹಿಡಿಯುತ್ತಿದ್ದೆನಲ್ಲ, ನೀನು ಪ್ರತಿ ಸಲ ಗಂಡನ ಬಾಯಲ್ಲೂ ಒಂದು ಮಾತು ತುರುಕುತ್ತಿದ್ದೆಯಲ್ಲ, ಈ ಸಲ ಹೀಗೆ ಬರೆದಿದ್ದೇನೆ:

ಬಾಗಿಲು ತೆರೆಯಿತು. ಗಂಡ ಹೊರಗೆ ಬಂದ. ಮಳೆಯಲ್ಲಿ ಅವಳ ಪಕ್ಕ ನಿಂತ. ತಪ್ಪು ನನ್ನದು ಎಂದ.

ಅವಳು ಒಳಗೆ ಹೋದಳೋ ಇಲ್ಲವೋ ಬರೆದಿಲ್ಲ. ಅದು ನನ್ನ ಕೈಯಲ್ಲಿಲ್ಲ. ಭಾಷೆ ಸಪ್ಪೆಯಾಗಿದೆ ಎಂದು ನನಗೂ ಗೊತ್ತು. ಚಿಲಕದ ವರ್ಣನೆಯ ಮುಂದೆ ಇದು ಏನೂ ಅಲ್ಲ.

ಶೀರ್ಷಿಕೆಯ ಕೆಳಗೆ ನನ್ನ ಹೆಸರಿನ ಮೇಲೆ ನಿನ್ನ ಪೂರ್ತಿ ಹೆಸರು ಬರೆದೆ. ಆಮೇಲೆ ಅಳಿಸಿದೆ. ಕೇಳದೆ ಬಿಟ್ಟದ್ದಾಯಿತು, ಈಗ ಕೇಳದೆ ಹಾಕಿದರೆ ಅದೂ ಅದೇ ದರ್ಬಾರು. ಆದ್ದರಿಂದ ಅಲ್ಲಿ ಒಂದು ಸಾಲು ಖಾಲಿ ಇದೆ. ನಾಳೆ ಸಂಜೆಯೊಳಗೆ ಸಂಪಾದಕಿಗೆ ಕೊಡಬೇಕು, ಹಾಳೆಯನ್ನು ಇದರ ಜೊತೆಗಿಟ್ಟಿದ್ದೇನೆ. ಹೆಸರು ಬರೆಯುವುದೋ, ನನ್ನ ಹೆಸರನ್ನೇ ಹೊಡೆದು ಹಾಕುವುದೋ ನಿನಗೆ ಬಿಟ್ಟದ್ದು. ಪೆನ್ಸಿಲು ಹೇಗೂ ನಿನ್ನ ಬಳಿ ಇದೆ. ಅದನ್ನು ಕಳುಹಿಸಬೇಕೆಂದು ಮೊದಲಿಗೆ ಕೋರಿದ್ದನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಅದು ನಿನ್ನದು.

ಹದಿನೆಂಟನೆಯದನ್ನು ಮೊದಲ ಸಾಲಿನಿಂದ ನೀನೇ ಬರೆಯಬೇಕೆಂದು ನನ್ನ ಆಸೆ. ಅತ್ತಿಗೆಯ ಮನೆಯಲ್ಲೇ ಕೂತು ಬರೆದರೂ ಸರಿ. ನಾನು ಶುದ್ಧಪ್ರತಿ ಮಾಡಿಕೊಡುತ್ತೇನೆ, ಒತ್ತಕ್ಷರ ತಿದ್ದುತ್ತೇನೆ. ಅರವತ್ತಾರನೆಯ ವಯಸ್ಸಿನಲ್ಲಿ ಹೊಸ ಕೆಲಸಕ್ಕೆ ಸೇರುವವನಿಗೆ ಸಂಬಳದ ಮಾತಾಡುವ ಮುಖವಿಲ್ಲ. ಸಂಜೆ ಒಮ್ಮೆ ಓದಿ ಹೇಳಿದರೆ ಸಾಕು. ಈ ಮನೆಯಲ್ಲಿ ಐದು ತಿಂಗಳಿಂದ ಯಾರೂ ಗಟ್ಟಿಯಾಗಿ ಏನನ್ನೂ ಓದಿಲ್ಲ. ನಾನು ಒಮ್ಮೆ ಪ್ರಯತ್ನಿಸಿದೆ, ಕೇಳುವವರಿಲ್ಲದೆ ಅರ್ಧಕ್ಕೆ ನಿಲ್ಲಿಸಿದೆ. ನೀನಿಲ್ಲದೆ ನನಗೆ ಬೇಜಾರು. ಇದನ್ನೂ ಮೊದಲೇ ಬರೆಯಬಹುದಿತ್ತು.

ಎಂದೆಂದೂ ನಿನ್ನವನೇ ಆದ,
ಶುದ್ಧಪ್ರತಿ ಗುಮಾಸ್ತ

ಮರೆತ ಮಾತು: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ಕಂಡು ಅತ್ತಿಗೆ ಆಗಲೇ ಮೂಗು ಮುರಿದಿರಬೇಕು. ಬಾಗಿಲ ಸಂದಿಯಲ್ಲಿ ನಾನೇ ತೂರಿಸಿದ್ದು. ಕೆಳಗೆ ದರ್ಜಿ ಅಂಗಡಿಯ ಮುಂದೆ ನಿಂತಿದ್ದೇನೆ. ಮಳೆಯಿಲ್ಲ, ಆದರೂ ಸಭಾಪಾಲಕರು ಆ ಕೊಡೆಯನ್ನು ನನ್ನ ಕೈಗೇ ಕೊಟ್ಟು ಕಳುಹಿಸಿದ್ದರಿಂದ ಬಿಚ್ಚಿ ಹಿಡಿದುಕೊಂಡಿದ್ದೇನೆ. ಇಬ್ಬರಿಗೆ ಸಾಕಾಗುವಷ್ಟು ದೊಡ್ಡದಿದೆ. ನಿನಗೆ ಅವಸರವೇನೂ ಬೇಡ. ಅವಳು ಐದು ತಿಂಗಳು ನಿಂತಳು. ನನ್ನ ಮೊಣಕಾಲು ಅವಳದರಷ್ಟು ಗಟ್ಟಿಯಿಲ್ಲವೆಂಬುದನ್ನು ಮಾತ್ರ ನಿನ್ನ ಗಮನಕ್ಕೆ ತರುತ್ತಿದ್ದೇನೆ. ಮುಲಾಮು ಜೇಬಿನಲ್ಲಿದೆ.