ದೇವದೂತನಿಗೆ ಹೆದರಿದ ಬೆಕ್ಕು

ಇಸ್ಪೀಟುಭೂಷಣ ಅಪ್ಪಾ,

ನೀನು ತೀರಿಹೋಗಿ ಎಂಟು ತಿಂಗಳಾದ ಮೇಲೆ, ನಾನು ಚಿತ್ರ ಬರೆದ ಬೆಕ್ಕುಗಳ ಟ್ಯಾರೋ ಎಲೆಗಳ ಕಟ್ಟು ಇವತ್ತು ಪಿನೆರೋಲೊದಲ್ಲಿ ನೀನು ದಿನಾ ಆಡುತ್ತಿದ್ದ ಕಾಫಿ ಅಂಗಡಿಯ ಮೇಜಿನ ಮುಂದೆ ವಿಚಾರಣೆಗೆ ನಿಂತಿತು. ಒಂಬತ್ತು ಯೂರೋದ ಅಗ್ಗದ ಕಟ್ಟು, ಭವಿಷ್ಯ ಕೇಳುವವರಿಗಾಗಿ ಮಾಡಿದ್ದು. ನಿನ್ನ ಗೆಳೆಯರಿಗೋ ಟ್ಯಾರೋ ಎಂದರೆ ಆಟ ಮಾತ್ರ.

"ಇದೇನಮ್ಮಾ, ರಾಜನಿಗೂ ಬಾಲ!" ಎವಾಸಿಯೊ ಮಾಮ ಮುಖ ಸಿಂಡರಿಸಿದ. "ಇದ್ರಲ್ಲಿ ಆಡೋದಾ, ಇಲ್ಲಾ ಇದಕ್ಕೆ ಹಾಲು ಹಾಕೋದಾ?"

ನಾನು ಎದ್ದು ಹೊರಡುವವಳಿದ್ದೆ. ಅಷ್ಟರಲ್ಲಿ ದೆಲ್ಫಿನಾ ಅತ್ತೆ ಇಪ್ಪತ್ತೊಂದನೆಯ ಎಲೆ ಎತ್ತಿದಳು. ಅದು ಜಗತ್ತು. ಬೇರೆ ಕಡೆ ಅದೇ ಎಲ್ಲಕ್ಕಿಂತ ದೊಡ್ಡದು, ನಮ್ಮ ಕಡೆಯ ಆಟದಲ್ಲಿ ಮಾತ್ರ ಇಪ್ಪತ್ತನೆಯ ಎಲೆಯ ದೇವದೂತ ಅದನ್ನು ಹೊಡೆಯುತ್ತಾನೆ. ಅದಕ್ಕೇ ನನ್ನ ಜಗತ್ತಿನ ಬೆಕ್ಕು ಕಿವಿ ಮಡಚಿಕೊಂಡು ಆಕಾಶ ನೋಡುತ್ತಿದೆ. ಪ್ರಕಾಶಕರು ಕಾರಣ ಕೇಳಿದಾಗ ಗಂಭೀರವಾಗಿ 'ಕಲೆ' ಎಂದಿದ್ದೆ.

ಅತ್ತೆ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಮೇಜು ಕುಟ್ಟಿ ನಕ್ಕಳು. "ಲೋ, ಇದಕ್ಕೆ ದೇವದೂತನ ಭಯ ಕಣೋ! ಹುಡುಗಿ ನಮ್ಮವಳೇ. ಎಲೆ ಹಂಚೋ, ಎವಾಸಿಯೊ!"

ಸಂತೋಷವಾಗಿ ಮೂರು ಆಟ ಸೋತೆ. ಕಟ್ಟನ್ನು ಅವರು ವಾಪಸ್ ಕೊಡಲೇ ಇಲ್ಲ.

ಅದು ಅಚ್ಚಾಗಿ ಬಂದ ದಿನ ನೀನು "ತೋರ್ಸೇ" ಎಂದಿದ್ದೆ. "ನಿನಗಲ್ಲಪ್ಪಾ, ಅದು ಭವಿಷ್ಯ ಹೇಳೋದಕ್ಕೆ, ಆಡೋದಕ್ಕಲ್ಲ" ಎಂದು ಚೀಲಕ್ಕೆ ಹಾಕಿಕೊಂಡಿದ್ದೆ. ಬೆಕ್ಕಿನ ಭಯ ಅತ್ತೆಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ತೋರಿಸಿದ್ದರೆ ನಿನಗೆ ಅಷ್ಟೂ ಬೇಕಾಗುತ್ತಿರಲಿಲ್ಲ.

ಒರ್ನೆಲ್ಲಾ