ಕ್ಯಾರಿಯರ್ ಮಾತ್ರ ಬಿಚ್ಚಬೇಡಿ

ಒರ್ದಿಬೆಹೆಶ್ತ್ 9, ಬೆಳಿಗ್ಗೆ

ಮತ್ತೆ ಸೈಕಲ್ ಚೈನ್ ಬಿತ್ತು. ಬೇಕರಿ ಕ್ಯೂ ಎದುರಿಗೇ ಬೀಳಬೇಕೆ! ಇಡೀ ಕ್ಯೂ ತಿರುಗಿ ನೋಡಿತು. ಪಕ್ಕದ ಮನೆಯ ಮಹ್‌ಪರಿ ಕೂಗಿದಳು, "ಸಿಮೀನಕ್ಕಾ, ಅದಕ್ಕೆ ಎಣ್ಣೆ ಹಾಕ್ತೀಯೋ ಹುಲ್ಲು ಹಾಕ್ತೀಯೋ?" ಎರಡೂ ಹಾಕುತ್ತೇನೆ, ನಿನಗೇನು ಎಂದೆ. ರೊಟ್ಟಿ ಕೊಂಡು, ಸೈಕಲ್ ತಳ್ಳಿಕೊಂಡು ಬಂದೆ. ಕೈಯೆಲ್ಲ ಗ್ರೀಸು. ಮದುಮಗಳ ಹಸಿರು ರೇಷ್ಮೆ ಹೊಲಿಗೆ ಮೆಷಿನ್ ಮೇಲೆ ಕಾಯುತ್ತಿದೆ, ಮುಟ್ಟುವ ಹಾಗಿಲ್ಲ.

ನಿನ್ನೆ ತಫ್ತ್ ರಸ್ತೆಯ ಏರಿನಲ್ಲಿ ಅಭ್ಯಾಸ. ಅರ್ಧಕ್ಕೇ ಇಳಿದೆ. ಈ ಏರನ್ನೇ ಹತ್ತದವಳು ಪೀರ್-ಎ-ಸಬ್ಜ್‌ನ ಕೊನೆಯ ಏರು ಹತ್ತುವುದುಂಟೆ? ಬೆಟ್ಟದ ಆ ಗುಡಿಗೆ, ನಮ್ಮ ಪೀರ್‌ಗೆ, ನಮ್ಮ ಜರತುಷ್ಟ್ರ ಮತದವರ ಯಾತ್ರೆ ಬರುವ ತಿಂಗಳು, ಖೊರ್ದಾದ್ ಕೊನೆಗೆ. ಹತ್ತಿರವೇ ಬಂತು.

ಹರಕೆ ಹೊತ್ತವಳು ನಾನೇ. ಚಳಿಗಾಲದಲ್ಲಿ ಬೆಹ್‌ಮರ್ದ್‌ನ ಎದೆ ಕೊಯ್ದು ಹೊಲಿದ ದಿನ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಹೇಳಿಬಿಟ್ಟೆ — ನನ್ನ ಗಂಡ ಎದ್ದು ಬಂದರೆ, ಸೈಕಲ್ ತುಳಿದುಕೊಂಡು ನಿನ್ನ ಮೆಟ್ಟಿಲಿಗೆ ಬರುತ್ತೇನೆ. ಮೇಣದಬತ್ತಿ ಎನ್ನಬಹುದಿತ್ತು. ಒಂದು ಪಾತ್ರೆ ಗಂಜಿ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಸೈಕಲ್.

ಎದ್ದು ಬಂದ. ಆದರೆ ಕುರ್ಚಿಯಿಂದ ಏಳಲಿಲ್ಲ. ಡಾಕ್ಟರ್ ನಡೆಯಿರಿ, ನಡೆಯಿರಿ ಎನ್ನುತ್ತಾರೆ. ಇವನು ಓಣಿಯ ಕೊನೆಯವರೆಗೆ ಹೋಗಿ, ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟು, ನಾಡಿ ಹಿಡಿದು ನಿಲ್ಲುತ್ತಾನೆ. ಆಮೇಲೆ ವಾಪಸ್. ಊಟದ ಮಧ್ಯೆಯೂ ನಾಡಿ. ನಾನು ಮಾತಾಡುವಾಗಲೂ ನಾಡಿ.

ಒರ್ದಿಬೆಹೆಶ್ತ್ 10

ಹೊಸ ಸೈಕಲ್ ತಗೋ ಎನ್ನುತ್ತಾನೆ. ಹಳೆಯದು ಅವನದೇ. ಅಡ್ಡಕಂಬಿಯ ಕಬ್ಬಿಣದ ಕುದುರೆ. ಮದುವೆಯಾದ ವರ್ಷ ಇದರ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತಫ್ತ್‌ನ ದಾಳಿಂಬೆ ತೋಟಗಳಿಗೆ ಕರೆದೊಯ್ಯುತ್ತಿದ್ದ. ನಾನು ಹಸಿರು ವೆಲ್ವೆಟ್ಟಿನ ದಿಂಬು ಹೊಲಿದು ಅದಕ್ಕೆ ಕಟ್ಟಿದ್ದೆ. ದಿಂಬು ಇಲಿಯ ಪಾಲಾಯಿತು. ಕ್ಯಾರಿಯರ್ ಇದೆ.

"ಅದನ್ನ ರಿಪೇರಿ ಮಾಡಿಸೋದು ಅಂದ್ರೆ ಹೆಣಕ್ಕೆ ಶೃಂಗಾರ ಮಾಡಿದ ಹಾಗೆ ಸಿಮೀನ್."

"ನೀನು ತುಳೀತಿದ್ದಾಗ ಹೆಣ ಆಗಿರ್ಲಿಲ್ವಲ್ಲ."

"ನಾನಿನ್ನು ತುಳಿಯಲ್ಲ. ಅದು ಮುಗೀತು."

ಮುಗೀತು ಎಂದು ಹೇಳುವಾಗ ಎರಡು ಬೆರಳು ಮಣಿಕಟ್ಟಿನ ಮೇಲೆ. ಸಿಟ್ಟು ಬಂತು. ಎದ್ದು ಒಳಗೆ ಹೋಗಿ ಮೆಷಿನ್ ಓಡಿಸಿದೆ, ಹೊಲಿಗೆ ಡೊಂಕಾಯಿತು. ಬಿಚ್ಚಿ ಮತ್ತೆ ಹೊಲಿದೆ.

ಒರ್ದಿಬೆಹೆಶ್ತ್ 12

ಪೂಯಾನ ಅಂಗಡಿಗೆ ಹೋದೆ. ಹುಡುಗನಿಗೆ ಮೂವತ್ತೂ ಆಗಿಲ್ಲ, ಗಾಜಿನ ಶೋರೂಮು. ಅಲ್ಯೂಮಿನಿಯಂ ಸೈಕಲ್ ಒಂದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. ಗೇರೇ ಗೇರು. ಬೆಳಿಗ್ಗೆ ಬೀದಿ ಖಾಲಿ ಇತ್ತು, ಓಡಿಸಿ ನೋಡಿದೆ.

ಸುಳ್ಳು ಬರೆಯಬಾರದು. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಗಾಳಿಯೇ ಹಿಂದಿನಿಂದ ತಳ್ಳಿದ ಹಾಗೆ. ನೋಯುವ ಮಂಡಿ ಒಂದು ಮಾತೂ ಆಡಲಿಲ್ಲ.

"ಕ್ಯಾರಿಯರ್?" ಎಂದೆ.

"ಈಗ ಯಾರು ಕ್ಯಾರಿಯರ್ ಹಾಕಿಸ್ತಾರೆ ಆಂಟಿ? ಸುಮ್ನೆ ಭಾರ. ಹಳೇದನ್ನ ಏನ್ಮಾಡ್ತೀರಿ? ಕೊಟ್ರೆ ನಾನೇ ತಗೋತೀನಿ. ಟೆಹರಾನಿನ ಕೆಫೆಯವರು ಗೋಡೆಗೆ ನೇತು ಹಾಕೋಕೆ ಕೇಳ್ತಿರ್ತಾರೆ."

ಗೋಡೆಗೆ! ಅದರ ಕೆಳಗೆ ಕೂತು ಜನ ಕೇಕ್ ತಿನ್ನುತ್ತಾರಂತೆ.

ಒರ್ದಿಬೆಹೆಶ್ತ್ 13

ಈಗ ಇನ್ನೊಂದು ಕಡೆ. ಬಜಾರಿನ ಹಿಂದಿನ ಸೈಕಲ್ ರಿಪೇರಿಯ ಉಸ್ತಾ ರಮಜಾನ್. ಸೈಕಲ್ಲಿನ ಸುತ್ತ ಎರಡು ಸುತ್ತು ಹಾಕಿ, ಟೀ ತರಿಸಿದ. ಅಂದರೆ ಕೆಲಸ ದೊಡ್ಡದು.

"ಗೇರ್ ಬೇಕಾ? ಹಾಕೋಣ. ಗೇರ್ ಹಾಕ್ಬೇಕಂದ್ರೆ ಹಿಂದಿನ ಚಕ್ರ ಹೊಸದು ಬೇಕು. ಚಕ್ರ ಕೂರ್ಬೇಕಂದ್ರೆ ಫೋರ್ಕ್ ಅಗಲಿಸ್ಬೇಕು. ಚಕ್ರ ಬೇರೆ ಆದ್ರೆ ಈ ಸರಳಿನ ಬ್ರೇಕ್ ಹಿಡಿಯಲ್ಲ, ತಂತಿ ಬ್ರೇಕ್ ಬೇಕು. ಚೈನೂ ಬೇರೆ..."

"ಉಳಿಯೋದು ಏನು ಉಸ್ತಾ?"

"ಬೆಲ್ಲು," ಎಂದ. ತಾನೇ ನಕ್ಕ.

ಸೊಸೆಯನ್ನು ತಂದರೆ ಸೊಸೆಯ ತವರನ್ನೆಲ್ಲ ಸಾಕಬೇಕು, ಹಾಗಾಯಿತು. ವಾರವಾಗುತ್ತದೆ, ಎರಡೂ ಆಗಬಹುದು, ಮಾತು ಕೊಡಲ್ಲ ಎಂದ. ಮಾತು ಕೊಡದ್ದೇ ಹಿಡಿಸಿತು.

ಒರ್ದಿಬೆಹೆಶ್ತ್ 17

ತೀರ್ಮಾನ ಇಲ್ಲ. ಹಗಲೆಲ್ಲ ಹೊಲಿಯುತ್ತ ಇದೇ ಯೋಚನೆ.

ನನ್ನ ಕಸುಬೇ ಇದು. ಜನ ಹಳೆಯ ಕೋಟು ತರುತ್ತಾರೆ, ಅಳತೆ ಬಿಗಿ, ತೋಳು ಸವೆದಿದೆ, ಏನು ಮಾಡಲಿ ಎನ್ನುತ್ತಾರೆ. ಬಟ್ಟೆ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತೇನೆ. ದಾರ ಗಟ್ಟಿಯಿದ್ದರೆ ಬಿಚ್ಚಿ ಹೊಲಿಯುತ್ತೇನೆ, ಸತ್ತಿದ್ದರೆ ಮುಖಕ್ಕೇ ಹೇಳುತ್ತೇನೆ, ಅಂಗಡಿಗೆ ಹೋಗಿ. ಯಾರಿಗೂ ಆಸೆ ತೋರಿಸಿಲ್ಲ.

ಈ ಸೈಕಲ್ಲಿನ ಕಬ್ಬಿಣ ಗಟ್ಟಿ. ಉಸ್ತಾ ಸುತ್ತಿಗೆಯಿಂದ ಬಡಿದಾಗ ಗಂಟೆಯ ಹಾಗೆ ದನಿ ಬಂತು. ಆದರೆ ಮಂಡಿ ನನ್ನದು, ದಿನಗಳು ಕಡಿಮೆ, ಹೊಸದು ಅಷ್ಟು ಹಗುರ. ಮಾತೇ ಕೊಡದ ಉಸ್ತಾನನ್ನು ನಂಬಿ ಹರಕೆ ತಪ್ಪಿದರೆ? ನಾಳೆ ಹೊಸದನ್ನೇ ತಂದುಬಿಡುವುದು ಎನಿಸುತ್ತದೆ.

ಒರ್ದಿಬೆಹೆಶ್ತ್ 19, ಸಂಜೆ

ಸೈಕಲ್ ಇಲ್ಲ.

ನಾನು ಮದುಮಗಳ ಮನೆಗೆ ಬಟ್ಟೆ ಕೊಡಲು ಹೋಗಿದ್ದೆ. ಬಂದು ನೋಡಿದರೆ ಅಂಗಳದ ಗೋಡೆಯ ಮೇಲೆ ಹ್ಯಾಂಡಲ್ ಉಜ್ಜಿದ ಗುರುತು ಮಾತ್ರ. ಪೂಯಾ ಬಂದಿದ್ದನಂತೆ. ನೋಡಿದನಂತೆ, ಅಬ್ಬಾ ಎಂಥ ಸೈಕಲ್ ಎಂದನಂತೆ. ಇವನು, "ನಿಮ್ಮದೇ ಅನ್ಕೊಳಿ, ತಗೊಂಡು ಹೋಗಿ" ಎಂದನಂತೆ.

ಅದು ಎಲ್ಲರೂ ಹೇಳುವ ಮಾತು. ಅಂಗಿ ಚೆನ್ನಾಗಿದೆ ಎಂದರೆ ಬಿಚ್ಚಿಕೊಡಲಾ ಎನ್ನುವವರು ನಾವು. ಕೊಡುವವನೂ ಕೊಡುವುದಿಲ್ಲ, ಕೇಳುವವನೂ ಒಯ್ಯುವುದಿಲ್ಲ, ಮರ್ಯಾದೆ ಇಬ್ಬರಿಗೂ ಉಳಿಯುತ್ತದೆ.

"ಅವನು ಬೇಡ ಅನ್ಲಿಲ್ವಾ?"

"ಅಂದ."

"ಮತ್ತೆ?"

"ಇನ್ನೊಂದ್ಸಲ ಹೇಳ್ದೆ. ಇನ್ನೊಂದ್ಸಲ ಬೇಡ ಅಂದ."

"ಮತ್ತೆ?"

ನೆಲ ನೋಡಿದ. "ಮೂರನೇ ಸಲವೂ ಹೇಳ್ದೆ."

ಒಂದು ಸಲ ಹೇಳುವುದು ಮರ್ಯಾದೆ. ಎರಡನೆಯದೂ ಮರ್ಯಾದೆಯೇ. ಮೂರನೆಯ ಸಲ ಹೇಳಿದರೆ ನಿಜವಾಗಿ ಕೊಟ್ಟ ಹಾಗೆ. ನಮ್ಮ ಯಜ್ದ್ ಊರಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಇವನಿಗೂ ಗೊತ್ತಿತ್ತು. ಬೇಕೆಂದೇ ಕಳಿಸಿದ್ದಾನೆ. ಅಂಗಳದಲ್ಲಿ ಅದು ಕಣ್ಣಿಗೆ ಬೀಳಬಾರದು, ಅಷ್ಟೇ.

ಅತ್ತುಬಿಟ್ಟೆ. ಅವನೆದುರಿಗೆ ಅಲ್ಲ.

ಒರ್ದಿಬೆಹೆಶ್ತ್ 20, ಬೆಳಿಗ್ಗೆ

ಶೋರೂಮಿನ ಶಟರ್ ಏಳುವ ಮೊದಲೇ ಹೋಗಿ ನಿಂತೆ. ನಮ್ಮ ಸೈಕಲ್ ಒಳಗೆ, ಒರೆಸಿ, ಬಾಗಿಲ ಪಕ್ಕದಲ್ಲೇ.

ಪೂಯಾ ಗಾಬರಿಯಾದ. ಅವನ ತಪ್ಪೇನೂ ಇಲ್ಲ ಪಾಪ. ಆದರೂ ಅಭ್ಯಾಸ ನೋಡಿ, "ಬನ್ನಿ ಆಂಟಿ, ಬನ್ನಿ, ಅಂಗಡಿ ನಿಮ್ಮದೇ! ಏನ್ಬೇಕೋ ತಗೊಳ್ಳಿ!" ಎಂದ.

"ಆಗ್ಲಿ ಮಗಾ," ಎಂದೆ. ಸೈಕಲ್ ಸ್ಟ್ಯಾಂಡ್ ತೆಗೆದೆ. ತಳ್ಳಿಕೊಂಡು ಹೊರಟೆ.

"ಆಂಟಿ! ನಾನು... ಅದು ಸುಮ್ನೆ ಬಾಯಿಮಾತು—"

"ಮೊದಲನೇ ಸಲಕ್ಕೇ ಒಪ್ಕೊಂಡೆ. ನಿನಗೆ ಇನ್ನೆರಡು ಸಲ ಹೇಳೋ ಕಷ್ಟ ಬೇಡ."

ಹೊರಗೆ ಬಂದ ಮೇಲೆ ಅವನು ನಗುವುದು ಕೇಳಿಸಿತು. ಒಳ್ಳೆಯ ಹುಡುಗ. ನೇರ ಉಸ್ತಾ ರಮಜಾನ್ ಹತ್ತಿರ ಹೋದೆ. ಏನು ಬೇಕಾದರೂ ಬದಲಿಸಿ ಎಂದೆ, ಚಕ್ರ, ಬ್ರೇಕು, ಚೈನು, ಬೆಲ್ಲು ಬೇಕಾದರೂ. ಕ್ಯಾರಿಯರ್ ಮಾತ್ರ ಬಿಚ್ಚಬೇಡಿ.

"ಅದೇ ಎಲ್ಲಕ್ಕಿಂತ ಭಾರ ಅಕ್ಕಾ. ಏರಲ್ಲಿ ಶಾಪ ಹಾಕ್ತೀರಿ."

"ಹಾಕ್ತೀನಿ. ಇರ್ಲಿ."

ಅದೇ ದಿನ, ಊಟದ ಮೇಲೆ

ಬೆಹ್‌ಮರ್ದ್‌ಗೆ ಹೇಳಿದೆ. ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ, "ಯಾರಿಗೋಸ್ಕರ ಇಟ್ಕೊಂಡಿದೀಯ ಅದನ್ನ? ನಾನು ಹತ್ತಲ್ಲ ಅಂದ್ನಲ್ಲ."

ಹೇಳಿಯೇಬಿಟ್ಟೆ. "ನೀನು ಎದ್ದು ಬಂದ್ರೆ ಅಂತ ಹರಕೆ ಹೊತ್ತಿದ್ದು. ನೀನಿನ್ನೂ ಎದ್ದು ಬಂದಿಲ್ಲ. ನಾನು ಮುಂಗಡ ತೀರಿಸ್ತಿದೀನಿ, ಅಷ್ಟೇ."

ಎದ್ದು ಅಂಗಳಕ್ಕೆ ಹೋದ. ತುಂಬ ಹೊತ್ತು ಬರಲಿಲ್ಲ. ಜೋರಾಯಿತೇನೋ. ಆಗಲಿ.

ಖೊರ್ದಾದ್ 3

ಉಸ್ತಾ ಮಾತು ಕೊಡದೆ ಇದ್ದದ್ದು ಸರಿಯೇ. ಫೋರ್ಕ್ ಅಗಲಿಸಲು ಹೋಗಿ ಒಂದು ಕಡೆ ಜಾಸ್ತಿ ಎಳೆದುಬಿಟ್ಟ, ಚಕ್ರ ಏಡಿಯ ಹಾಗೆ ಓರೆ ಓಡಿತು. ಮತ್ತೆ ಬಿಚ್ಚಿದ. ತಂದ ಚೈನು ಗಿಡ್ಡ. ಬೇರೆ ತಂದ. ಈಗ ಗೇರ್ ಬೀಳುವಾಗ ಆಕಳಿಸಿದ ಹಾಗೆ ಸದ್ದು.

ಬ್ರೇಕ್ ಹೇಳಿಕೊಟ್ಟ. ಎಡಗೈಯದು ಮುಂದಿನ ಚಕ್ರಕ್ಕೆ, ಬಲಗೈಯದು ಹಿಂದಿನದಕ್ಕೆ. "ಇಳಿಜಾರಲ್ಲಿ ಎಡಗಡೇದು ಒಂದೇ ಹಿಡಿದ್ರೆ ಹೂವಿನ ಕುಂಡದ ಹಾಗೆ ತಲೆಕೆಳಗೆ ಬೀಳ್ತೀರಿ ಅಕ್ಕಾ. ಎರಡೂ ಹಿಡೀರಿ." ಹಳೆಯ ಬ್ರೇಕ್ ಹೇಗೆ ಹಿಡಿದರೂ ಹಿಡಿಯುತ್ತಿರಲಿಲ್ಲ, ಅಪಾಯವೇ ಇರಲಿಲ್ಲ.

ಖೊರ್ದಾದ್ 14, ಬೆಳಿಗ್ಗೆ

ತಫ್ತ್ ಏರು ಹತ್ತಿದೆ. ಇಳಿಯಲಿಲ್ಲ. ಒಮ್ಮೆಯೂ ಇಳಿಯಲಿಲ್ಲ! ಮೇಲೆ ನಿಂತು ಕ್ಯಾರಿಯರ್‌ಗೆ ಶಾಪ ಹಾಕಿದೆ, ಉಸ್ತಾಗೆ ಕೊಟ್ಟ ಮಾತು ಉಳಿಸಿಕೊಂಡೆ. ಲಾರಿಯವನೊಬ್ಬ ಹಾರ್ನ್ ಹೊಡೆದು "ಭೇಷ್ ಅಮ್ಮಾ" ಎಂದ. ಇನ್ನೊಬ್ಬ ಮನೆಗೆ ಹೋಗಿ ಅಡಿಗೆ ಮಾಡು ಎಂದ. ಅಡಿಗೆ ಮಾಡಿಟ್ಟೇ ಬಂದಿದ್ದೆ.

ಮನೆಗೆ ಬಂದು ಹೇಳಿದಾಗ ಬೆಹ್‌ಮರ್ದ್ ಕಣ್ಣು ಸೈಕಲ್ಲಿನ ಮೇಲೆ ಹೋಯಿತು. ಹತ್ತಿರ ಬಂದು ಗೇರಿನ ತಂತಿ ಮುಟ್ಟಿ ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡ.

"ನಾನು ಕಾರಲ್ಲಿ ಹಿಂದೆ ಬರ್ತೀನಿ. ಕಲ್ಲಂಗಡಿ, ಟೀ, ನೀರು ಎಲ್ಲ ಇಟ್ಕೊಂಡು," ಎಂದ. ಕಾರಿಗೆ ಹೆದರಿಕೆ ಇಲ್ಲ ಅವನಿಗೆ. ಕಾಲ್ನಡಿಗೆಗೆ ಮಾತ್ರ.

ಖೊರ್ದಾದ್ 23, ಸಂಜೆ, ಷರೀಫಾಬಾದ್

ಅರ್ಧ ದಾರಿ ಬಂದಾಯಿತು. ಇವತ್ತು ಬೆಹ್‌ಮರ್ದ್‌ನ ಸೋದರತ್ತೆ ಗೊಹರ್ ಮನೆಯಲ್ಲಿ ತಂಗಿದ್ದೇವೆ. ಎಂಬತ್ತು ದಾಟಿದ ಮುದುಕಿ, ಹಲ್ಲಿಲ್ಲ, ನಾಲಿಗೆಗೆ ಮಾತ್ರ ಹಲ್ಲಿದೆ. ಬಿಸಿ ಬಿಸಿ ಸಿರೋಗ್ ರೊಟ್ಟಿ ಕರಿದು ಹಾಕಿದರು. ನಾನು ಗೇರ್ ತೋರಿಸಿ, ನಾಳೆ ಪೀರ್‌ನ ಕೊನೆಯ ಏರಿನಲ್ಲಿ ಹೀಗೆ ಬದಲಿಸುತ್ತೇನೆ, ಹಾಗೆ ತುಳಿಯುತ್ತೇನೆ ಎಂದು ಕೊಚ್ಚಿಕೊಂಡೆ.

ಅತ್ತೆ ಬಾಣಲೆ ಇಳಿಸಿದರು. "ಆ ಏರನ್ನ ತುಳೀತೀಯಾ?"

"ಹೌದತ್ತೆ!"

"ಪೀರ್ ಕಂಡ ಮೇಲೂ?"

ನಾನು ಗೇರಿನಿಂದ ಕೈ ತೆಗೆದೆ.

"ಏನೇ ಹುಡುಗಿ, ಪೀರ್ ಕಣ್ಣಿಗೆ ಬಿದ್ದ ಕೂಡ್ಲೆ ಇಳೀಬೇಕು. ಕತ್ತೆ ಮೇಲಿದ್ರೂ ಇಳೀಬೇಕು, ಕುದುರೆ ಮೇಲಿದ್ರೂ ಇಳೀಬೇಕು. ಅಲ್ಲಿಂದ ನಡಿಗೆ. ನಮ್ಮಜ್ಜಿ ತುಂಬು ಬಸುರಿ ಇಳಿದು ನಡೆದ್ಲು. ಏರು ಶುರುವಾಗೋ ಮೊದಲೇ ಪೀರ್ ಕಾಣುತ್ತೆ. ನಿನ್ನ ಯಂತ್ರ ಎಲ್ಲಿ ತುಳೀತೀಯ, ಆಕಾಶದಲ್ಲಾ?"

ಚಿಕ್ಕಂದಿನಲ್ಲಿ ಕೇಳಿದ್ದೆ. ಕೇಳಿ ಮರೆತೂ ಬಿಟ್ಟಿದ್ದೆ. ನಾವು ಯಾವಾಗಲೂ ಮಿನಿಬಸ್ಸಿನಲ್ಲಿ ಹೋದವರು, ಪರದೆ ಎಳೆದು, ಹಾಡು ಹಾಕಿ, ಮೆಟ್ಟಿಲ ಬುಡದವರೆಗೆ. ಪೀರ್ ಎಲ್ಲಿಂದ ಕಾಣುತ್ತದೆ ಎಂದು ಯಾರು ನೋಡಿದರು?

ಯಾವ ಏರಿಗಾಗಿ ಇಷ್ಟೆಲ್ಲ ಮಾಡಿಸಿದೆನೋ, ಆ ಏರನ್ನು ತುಳಿಯುವಂತೆಯೇ ಇಲ್ಲ!

ಬೆಹ್‌ಮರ್ದ್ ನಕ್ಕ. ಆಪರೇಷನ್ ಆದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದು ನಕ್ಕ. ಅತ್ತೆ ಸೌಟು ಅವನ ಕಡೆ ತಿರುಗಿಸಿದರು. "ನಗ್ಬೇಡ್ವೋ. ಕಾರಿಗೂ ಅದೇ ಶಾಸ್ತ್ರ."

"ಅತ್ತೆ, ನನಗೆ ಡಾಕ್ಟರು—"

"ಆ ಡಾಕ್ಟರಿಗೂ ಹೇಳು. ಬಂದ್ರೆ ಅವನೂ ಇಳೀಲಿ."

ನಗು ನಿಂತಿತು. ಎರಡು ಬೆರಳು ಮಣಿಕಟ್ಟಿಗೆ ಹೋದವು.

ಖೊರ್ದಾದ್ 24, ಪೀರ್-ಎ-ಸಬ್ಜ್, ಮೊದಲ ಮೆಟ್ಟಿಲು

ಪುಸ್ತಕ ಮೊಣಕಾಲ ಮೇಲಿದೆ, ಅಕ್ಷರ ಕೆಟ್ಟರೂ ಬರೆಯುತ್ತೇನೆ.

ನಸುಕಿಗೇ ಹೊರಟೆ. ಗೇರು ಚೆನ್ನಾಗಿ ನಡೆಯಿತು. ಬಿಸಿಲು ಏರುವ ಹೊತ್ತಿಗೆ, ರಸ್ತೆ ತಿರುಗಿದ ಜಾಗದಲ್ಲಿ, ಬೋಳು ಬಂಡೆಯ ಮೈಮೇಲೆ ಹಸಿರು ಚುಕ್ಕೆ. ಪೀರ್. ಇಳಿದೆ. ಏರು ಅಲ್ಲಿಂದಲೇ ಶುರು.

ಹಿಂದೆ ಕಾರು ನಿಂತಿತು. ಬೆಹ್‌ಮರ್ದ್ ಸ್ಟಿಯರಿಂಗ್ ಹಿಡಿದು ತನ್ನ ಮೊಣಕಾಲು ನೋಡುತ್ತ ಕೂತಿದ್ದ.

"ಪೀರ್ ಕಂಡ್ತಾ?" ಎಂದೆ.

"ಇಲ್ಲ."

"ತಲೆ ಎತ್ತು."

"ಎತ್ತಲ್ಲ. ಕಂಡಿಲ್ಲ ಅಂದ್ರೆ ಇಳಿಯೋ ಹಾಗಿಲ್ಲ. ನೀನು ನಡಿ, ನಾನು ನಿಧಾನ ಬರ್ತೀನಿ."

"ಮೊಣಕಾಲು ನೋಡ್ಕೊಂಡು ಬೆಟ್ಟ ಹತ್ತಿಸ್ತೀಯಾ ಕಾರನ್ನ?"

ಮಿನಿಬಸ್ಸೊಂದು ಹಾಡು ಹಾಕಿಕೊಂಡು ದಾಟಿ ಹೋಯಿತು, ಯಾರೋ ಕಿಟಕಿಯಿಂದ ಕೈ ಬೀಸಿದರು. ನಾನು ಕಾದೆ. ಬೈಯಲಿಲ್ಲ, ಬೇಡಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಅವನದಕ್ಕಿಂತ ಜೋರಾಗಿ ಇರಬೇಕು.

"ಭಯ ಆಗುತ್ತೆ ಸಿಮೀನ್," ಎಂದ ಕೊನೆಗೆ. "ಮಧ್ಯದಲ್ಲಿ ನಿಂತುಹೋದ್ರೆ?"

"ನಿಂತ್ರೆ ನಾನೂ ನಿಲ್ತೀನಿ. ಕ್ಯಾರಿಯರ್ ಹಿಡ್ಕೋ."

ಇಳಿದ. ಬಾಗಿಲು ಹಾಕಿದ. ಕ್ಯಾರಿಯರ್ ಹಿಡಿದ. ಆ ಕಬ್ಬಿಣದ ಭಾರ ಏನೆಂದು ಇವತ್ತು ತಿಳಿಯಿತು, ನಾನು ಮುಂದೆ ಹ್ಯಾಂಡಲ್ ಹಿಡಿದು ಎಳೆಯುವುದು, ಅವನು ಹಿಂದೆ ಹಿಡಿದು ಬರುವುದು. ಸ್ವಲ್ಪ ನಡೆದು ನಿಲ್ಲುತ್ತಿದ್ದೆವು. ಮತ್ತೆ ನಡೆಯುತ್ತಿದ್ದೆವು. ಅರ್ಧ ಏರಿನ ನಂತರ ಸೈಕಲ್ ಹಗುರಾಯಿತು. ನೆಲ ಸಮತಟ್ಟಾಯಿತೇನೋ ಎಂದುಕೊಂಡೆ. ತಿರುಗಿ ನೋಡಿದರೆ ಇವನು ತಳ್ಳುತ್ತಿದ್ದಾನೆ. ಎರಡೂ ಕೈ ಕ್ಯಾರಿಯರ್ ಮೇಲೆ. ನಾಡಿ ಹಿಡಿಯಲು ಕೈಗೆ ಬಿಡುವಿರಲಿಲ್ಲ.

ನಾನು ಏನೂ ಹೇಳಲಿಲ್ಲ. ಹೇಳಿದರೆ ನೆನಪಾಗಿಬಿಟ್ಟೀತು ಎಂದು.

ಈಗ ಮೆಟ್ಟಿಲ ಬುಡದ ನೆರಳಲ್ಲಿ ಕೂತಿದ್ದೇವೆ. ಇವನ ಅಂಗಿ ಪೂರ್ತಿ ಒದ್ದೆ, ಮುಖ ಕೆಂಪು. ಮೇಲಿಂದ ಜನರ ಗದ್ದಲ. ಟೀ ಕುಡಿದು ಮೆಟ್ಟಿಲು ಹತ್ತುವುದೆಂದು ಮಾತಾಯಿತು. ಟೀ ಫ್ಲಾಸ್ಕು ಕೆಳಗೆ ಕಾರಿನಲ್ಲೇ ಉಳಿದಿದೆ. ನಾನು ಹೋಗಿ ತರುತ್ತೇನೆ ಎಂದೆ. ಬೇಡ, ಕೂತ್ಕೋ, ನಾನು ತರ್ತೀನಿ ಎನ್ನುತ್ತಾನೆ. ಮರ್ಯಾದೆಗೆ ಹೇಳುತ್ತಾನೆ ಎಂದು ಬೇಡ ಎಂದೆ. ಮತ್ತೆ ಹೇಳಿದ. ಬೇಡ ಎಂದೆ.

ಮೂರನೇ ಸಲವೂ ಹೇಳಿದ. ಇಳಿಜಾರು ತಾನೇ, ಎನ್ನುತ್ತಿದ್ದಾನೆ. ಸ್ಟ್ಯಾಂಡ್ ತೆಗೆದ. ಅಡ್ಡಕಂಬಿಯ ಮೇಲೆ ಕಾಲು ಹಾಕುತ್ತಿದ್ದಾನೆ, ಅಯ್ಯೋ, ಹೊಸ ಬ್ರೇಕು ಅವನಿಗೆ ಹೇಳಿಯೇ ಇಲ್ಲ, ಎಡಗಡೆಯದು ಒಂದನ್ನೇ ಹಿಡಿಯಬೇ—