ನಳದ ಮೊದಲ ಕೊಡ

ಹುಬ್ಬಳ್ಳಿ,
ತಾ. ೧೨-೪-೧೯೩೬, ರವಿವಾರ

ಚಿ. ಸೌ. ತುಂಗಾಬಾಯಿಗೆ ಆಶೀರ್ವಾದ.

ಬರೆಯುವುದು ನನ್ನ ಕೆಲಸವಲ್ಲವೆಂದು ನಿನಗೆ ಗೊತ್ತಿದೆ. ಗೊತ್ತಿದ್ದೇ ಈ ಶಿಕ್ಷೆ ಕೊಟ್ಟಿದ್ದೀ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಕಟ್ಟಿಗೆ ಅಡ್ಡೆಗೆ ಬಂದವನು ನಾನು. ಸಹಿ ಮಾಡಬಲ್ಲೆ, ಬೈಯಬಲ್ಲೆ. ಇವೆರಡರ ಮೇಲೆಯೇ ಅರವತ್ತೆರಡರ ಈ ವಯಸ್ಸಿನವರೆಗೆ ಸಂಸಾರ, ವ್ಯಾಪಾರ ಎಲ್ಲ ನಡೆದಿದೆ. ಎರಡು ವರ್ಷದಿಂದ ಮುನ್ಸಿಪಾಲಿಟಿಯ ಅಧ್ಯಕ್ಷಗಿರಿಯೂ ನಡೆದಿದೆ. ಮೊನ್ನೆ ರಾಮನವಮಿಯ ಮರುದಿನ ನಾನೇ ರೈಲು ಹತ್ತಿ ಧಾರವಾಡಕ್ಕೆ ಬಂದೆ. ಮಾಳಮಡ್ಡಿಯಲ್ಲಿ ನಿನ್ನ ತಮ್ಮ ಪಂಢರಿನಾಥನ ಪಡಸಾಲೆಯಲ್ಲಿ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಒಂದು ತಾಸು ಕುಳಿತೆ. ನೀನು ಹೊರಗೆ ಬರಲಿಲ್ಲ. ಪಂಢರಿನಾಥ ಒಳಗೆ ಹೋಗಿ ಬಂದು, ಶಾಲೆಯ ಹುಡುಗರಿಗೆ ಉಕ್ತಲೇಖನ ಹೇಳುವ ದನಿಯಲ್ಲಿ ನಿನ್ನ ಮಾತು ಒಪ್ಪಿಸಿದ: "ಬಾಯಿಲೆ ಆಡಿದ್ದು ಸಾಕಾಗೇದಂತ. ಏನಿದ್ರೂ ಬರದು ಕೊಡ್ರಿ ಅಂತಾಳ." ಸರಿ ಎಂದು ಬಂದು ನಮ್ಮ ಕಾರಕೂನನಿಂದ ಬರೆಸಿದೆ. ಒಳ್ಳೆಯ ಕಾಗದ, ಒಳ್ಳೆಯ ಮಸಿ. ಅದು ಮೂರನೆಯ ದಿನ ತಿರುಗಿ ಬಂತು, ಒಳಗೆ ನಿನ್ನ ಒಂದು ಚೀಟಿ: "ಕಾರಕೂನರ ಅಕ್ಷರ ಮುತ್ತಿನಂಗ ಅವ. ಆದ್ರ ನನ್ನ ಲಗ್ನ ಅವರ ಜೋಡಿ ಆಗಿಲ್ಲ." ಆ ಮಹಾರಾಯ ರೂಢಿಯಿಂದ ಮೇಲೆ ಕಚೇರಿಯ ಟಪಾಲಿಗೆ ಹಾಕುವ ಜಾವಕ ನಂಬರು ಹಾಕಿ, ಕೆಳಗೆ "ವಿಳಂಬಕ್ಕೆ ಆಸ್ಪದ ಕೊಡಬಾರದು" ಎಂದು ಬರೆದಿದ್ದನಂತೆ. ನಾನು ಓದದೆ ಸಹಿ ಹಾಕಿದೆ. ಹೆಂಡತಿಗೆ ನಂಬರು ಹಾಕಿ ಪತ್ರ ಕಳಿಸಿದ ಅಧ್ಯಕ್ಷ ಇಡೀ ಮುಂಬಯಿ ಇಲಾಖೆಯಲ್ಲಿ ನಾನೊಬ್ಬನೇ ಇರಬೇಕು. ಈಗ ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಧೋತರಕ್ಕೆ ಎರಡು ಕಡೆ ಮಸಿ ಬಿದ್ದಿದೆ. ಇದನ್ನು ಪಂಢರಿನಾಥನಿಗೆ ತೋರಿಸಬೇಡ, ಕೆಂಪು ಮಸಿಯಿಂದ ತಿದ್ದುತ್ತಾನೆ.

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ತಮ್ಮನ ಮನೆಯಲ್ಲೂ ಎಲ್ಲರಿಗಿಂತ ಮೊದಲೆದ್ದು ಬಾವಿ ಸೇದುತ್ತೀಯೋ? ಸೇದುತ್ತೀ, ನನಗೆ ಗೊತ್ತು. ಅಲ್ಲಿ ಹೇಳುವವರು ಯಾರಿದ್ದಾರೆ. ಪಂಢರಿನಾಥನ ಉಬ್ಬಸ ಹೇಗಿದೆ, ಅದನ್ನೂ ಬರೆ. ನನ್ನ ಪ್ರಕೃತಿ ನೆಟ್ಟಗಿದೆ. ಸೊಸೆ ಮೃಣಾಲಿನಿ ಹೊತ್ತಿಗೆ ಸರಿಯಾಗಿ ಹಾಕುತ್ತಾಳೆ, ಸಾರಿಗೆ ಉಪ್ಪು ಒಂದು ದಿನ ಎರಡು ಸಲ ಬೀಳುತ್ತದೆ, ಒಂದು ದಿನ ಬೀಳುವುದೇ ಇಲ್ಲ. ಸರಾಸರಿ ನೋಡಿದರೆ ಸರಿಯಾಗಿದೆ. ಊರ ಸುದ್ದಿ ಹೇಳಿದರೆ "ಹೌದ್ರಿ ಮಾಮಾ" ಎಂದು ಇನ್ನೊಂದು ಸೌಟು ಬಡಿಸುತ್ತಾಳೆ. ನೀನಾದರೆ ತಿರುಗಿ ಬೈಯುತ್ತಿದ್ದೆ. ಊಟದ ಹೊತ್ತಿಗೆ ತಿರುಗಿ ಬೈಯುವವರು ಇಲ್ಲದೆ ನನಗೆ ಅನ್ನ ಇಳಿಯುವುದಿಲ್ಲ, ಇದು ದೂರಲ್ಲ, ಸುಮ್ಮನೆ ತಿಳಿಸಿದ್ದು.

ಅದಕ್ಕೇ ಸುದ್ದಿಯನ್ನು ಇಲ್ಲಿ ಹಾಕುತ್ತೇನೆ. ಪಂಚಾಂಗದಲ್ಲಿ ಬೆಳದಿಂಗಳಿದ್ದ ದಿನ ಓಣಿಯ ಕಂದೀಲು ಹಚ್ಚುವುದಿಲ್ಲವಲ್ಲ. ಈ ಹುಣ್ಣಿಮೆಗೆ ಅಕಾಲ ಮೋಡ ಕವಿದು ಮೂವರು ಎಡವಿ ಬಿದ್ದರು, ಮುಂಜಾನೆ ನನ್ನ ಕಟ್ಟೆಗೆ ಬಂದು ಚಂದ್ರನ ಮೇಲೆ ತಕರಾರು ಕೊಟ್ಟರು. ಇನ್ನು ಹುಣ್ಣಿಮೆಗೂ ಹಚ್ಚಿರಿ ಎಂದಿದ್ದೇನೆ. ಗಟಾರಿಗೆ ಹಾಸಿದ ಕಲ್ಲುಗಳಲ್ಲಿ ನಾಲ್ಕು ಕಾಣೆಯಾಗಿವೆ. ಎರಡು ಯಾರ ಬಚ್ಚಲಲ್ಲಿ ಅರಿವೆ ಒಗೆಯಲು ಬಿದ್ದಿವೆಯೆಂದು ಗೊತ್ತು. ಹೇಳಿದರೆ ಒಂದು ಮನೆಯ ಮತ ಹೋಗುತ್ತದೆ, ಹೇಳಿಯೇ ಬಂದೆ. ಮೆಂಬರರು ಎಂದಿನಂತೆ ಎರಡು ತಾಸು ಮಾತಾಡಿ ಚಹಾ ಕುಡಿದು ಹೋಗುತ್ತಾರೆ. ಇವೆಲ್ಲ ಇರಲಿ. ಇವೆಲ್ಲ ಆಗುವ ಕೆಲಸ, ಇವತ್ತಲ್ಲ ನಾಳೆ ಆಗುತ್ತವೆ. ಆಗದ ಕೆಲಸ ಒಂದೇ ಇದೆ. ಅದು ನಮ್ಮ ಮನೆಯ ಎದುರಿಗೆ ನಿಂತಿದೆ.

ಆ ನಳಕ್ಕಾಗಿ ನಾನು ಎಷ್ಟು ಚಪ್ಪಲಿ ಸವೆಸಿದೆನೆಂದು ನಿನಗೆ ಗೊತ್ತು. ಉಣಕಲ್ ಕೆರೆಯ ಕಡೆಯಿಂದ ನಮ್ಮ ಓಣಿಯವರೆಗೆ ಕೊಳವೆ ಎಳೆಸಲು ಯಾರ ಯಾರ ಕಾಲು ಹಿಡಿದೆ, ಯಾರ ಯಾರ ಕೊರಳು ಹಿಡಿದೆ. ಯುಗಾದಿಯ ದಿನ ನಳಕ್ಕೆ ಮಾವಿನ ತೋರಣ ಕಟ್ಟಿ, ಓಣಿಯನ್ನೆಲ್ಲ ಕೂಡಿಸಿ, ಮೊದಲ ಕೊಡ ನಿನ್ನ ಕೈಯಿಂದ ತುಂಬಿಸಬೇಕೆಂದು ಕರೆದೆ. ನೀನು ರೇಶಿಮೆ ಉಟ್ಟು, ತಾಮ್ರದ ಕೊಡ ಬೆಳಗಿಸಿಕೊಂಡು ಬಂದೆ. ನನಗೆ ಅಭಿಮಾನವೆನಿಸಿತು, ಆಗ ಹೇಳಲಿಲ್ಲ. ಬಂದವಳು ಕೊಡ ಹಿಡಿದು ಸುಮ್ಮನೆ ತುಂಬಬಾರದೇ? ನಳ ಕೂಡಿಸಿದ ಬಾಬುಸಾಬನನ್ನು ನೀನು ಕೇಳಿದೆ: "ನೀರು ನಿಲ್ಲೂಹಂಗ ಒಳಗ ಏನ ಹಾಕೀಯಪ್ಪಾ?" ಅವನು ಸುಳ್ಳು ಹೇಳುವ ಮನುಷ್ಯನಲ್ಲ. ನಳ ಬಿಚ್ಚಿ, ಅಂಗೈ ಮೇಲಿಟ್ಟು ತೋರಿಸಿದ. ಎರಡಾಣೆಯಷ್ಟು ಅಗಲದ ತೊಗಲಿನ ಬಿಲ್ಲೆ. ನೀನು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಮ್ಮ ಹಳೆಯ ಬಾವಿಯ ಕಡೆ ನಡೆದುಬಿಟ್ಟೆ. ನಿನ್ನ ಹಿಂದೆ ಓಣಿಯ ಹೆಂಗಸರೆಲ್ಲ ನಡೆದರು. ನಳ, ನಾನು, ತೋರಣ, ಇಷ್ಟೇ ಉಳಿದೆವು.

ಆಗ ನನಗೆ ಸಿಟ್ಟು ಬಂತು. ಯಾರಿಗೆ ಬರುವುದಿಲ್ಲ? ನಮ್ಮ ಮಗಳು ಇಂದು ಹೋಗಿ ಈ ಆಷಾಢಕ್ಕೆ ಹನ್ನೆರಡು ವರ್ಷ. ಒಂಬತ್ತು ವರ್ಷದ ಹುಡುಗಿಯನ್ನು ಮುಂಜಾನೆಯಿಂದ ಸಂಜೆಯೊಳಗೆ ಕಾಲರಾ ಒಯ್ದಿತು, ಅದೇ ಬಾವಿಯ ನೀರು. ಆ ಬಾವಿಗೆ ನೀನು ಮತ್ತೆ ಕೊಡ ಇಳಿಸಿದ್ದನ್ನು ನೋಡಿ ನನ್ನ ಬಾಯಿ ನನ್ನ ಕೈಯಲ್ಲಿ ಉಳಿಯಲಿಲ್ಲ. "ಇದ ಹಟದಾಗನ ಇಂದೂನ ಕಳಕೊಂಡಿ. ಇನ್ನ ಯಾರ ಮಕ್ಕಳನ್ನ ಆ ಬಾವೀಗೆ ಕೊಡಾಕಿ ಇದ್ದೀ?" ಎಂದೆ. ಓಣಿಯೆಲ್ಲ ಕೇಳುವಂತೆ ಎಂದೆ. ನೀನು ತಿರುಗಿ ನೋಡಲಿಲ್ಲ. ಹಗ್ಗ ಮಾತ್ರ ಕೈಯಿಂದ ಜಾರಿ ಕೊಡ ತಳಕ್ಕೆ ಹೋಯಿತು. ಮರುದಿನ ಮುಂಜಾನೆಯ ರೈಲಿಗೆ ನೀನು ಧಾರವಾಡಕ್ಕೆ ಹೊರಟೆ. ಸಿಟ್ಟಿನಲ್ಲಿ ಆಡಿದ ಮಾತನ್ನು ಹಿಡಿದುಕೊಂಡು ಕುಳಿತರೆ ಸಂಸಾರ ನಡೆಯುತ್ತದೆಯೇ? ಸಭೆಯಲ್ಲಿ ಯಾರಾದರೂ ಸಲ್ಲದ ಮಾತಾಡಿದರೆ ನಡಾವಳಿಯಿಂದ ತೆಗೆದುಹಾಕುತ್ತೇವೆ, ಹಾಗೆ ತೆಗೆದುಹಾಕಿದೆ ಎಂದು ತಿಳಿ.

ನೀನು ಹೋದ ಮೇಲಿನದು ಕೇಳು. ರಾಮನವಮಿಗೆ ನಳದ ನೀರಿನಲ್ಲೇ ಕೊಪ್ಪರಿಗೆ ತುಂಬ ಪಾನಕ ಮಾಡಿಸಿದೆ. ಬೆಲ್ಲ, ಏಲಕ್ಕಿ, ಶುಂಠಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಒಬ್ಬರೂ ಬರಲಿಲ್ಲ. ನಾಲ್ಕು ಹುಡುಗರು ಲೋಟ ಹಿಡಿದು ಓಡಿ ಬಂದರು, ತಾಯಂದಿರು ಕಿವಿ ಹಿಡಿದು ಎಳೆದುಕೊಂಡು ಹೋದರು. ಕೊನೆಗೆ ಕುಡಿದವರು ನಾನು ಮತ್ತು ಬಾಬುಸಾಬ. ಅವನು ಎರಡನೆಯ ಲೋಟ ಇಳಿಸಿ ಹೇಳಿದ: "ಸಾಹೇಬ್ರ, ನಮ್ಮ ಮಂದಿನೂ ಹಲಾಲ ಹೌದೋ ಅಲ್ಲೋ ಕೇಳೇ ತಿಂತಾರ್ರಿ. ಅವ್ವಾರು ಕೇಳಿದ್ದರಾಗ ತಪ್ಪೇನೈತ್ರಿ? ತೊಗಲ ತಗದು ರಬ್ಬರ ಹಾಕಿದ್ರ ಆತು." ಒಬ್ಬಳ ಮಡಿಗಾಗಿ ಊರ ನಳ ಬದಲಿಸುವುದಿಲ್ಲ ಎಂದು ಅವನ ಮೇಲೂ ಹಾರಿದೆ. ಅವನು ನಕ್ಕ. ಎರಡು ದಿನದ ಮೇಲೆ ನನ್ನನ್ನು ಕೇಳದೆಯೇ ರಬ್ಬರಿನ ಬಿಲ್ಲೆ ತಂದು ಕೂಡಿಸಿದ. ನಮ್ಮ ಪುರೋಹಿತರು ಬಂದು ಅದನ್ನು ಮೂಸಿ, ಹಿಚುಕಿ, ಬೆಳಕಿಗೆ ಹಿಡಿದು, "ಇದು ಮರದ ಹಾಲು, ದೋಷವಿಲ್ಲ" ಎಂದು ಎಲ್ಲರೆದುರು ಹೇಳಿ ಹೋದರು. ಇನ್ನೇನು ಬೇಕು? ಆದರೂ ಬಾವಿಯ ದಾರಿ ಬಿಡುವುದಿಲ್ಲ ಇವರು. ಕೇಳಿದರೆ ಮನೆಮನೆಗೂ ಒಂದೇ ಉತ್ತರ: "ತುಂಗಕ್ಕ ಬರಲಿ. ಅವರು ತುಂಬಲಿ. ಆಮ್ಯಾಲೆ ನಾವು." ನಮ್ಮ ಮೃಣಾಲಿನಿಯೂ ಇದನ್ನೇ ಹೇಳುತ್ತಾಳೆ, ಅದೂ ತಲೆ ತಗ್ಗಿಸಿಕೊಂಡು, ಬೈಯಲೂ ಬಾರದ ಹಾಗೆ. ನಳದ ನೀರು ಕುಡಿಯುವುದು ಓಣಿಯ ತುದಿಯ ಗೌರಕ್ಕನ ಎಮ್ಮೆಗಳು ಮಾತ್ರ. ಮೊನ್ನೆ ಆಕೆಯನ್ನು ಹೊಗಳಿದೆ, ನೀನೊಬ್ಬಳಾದರೂ ಶಾಣ್ಯಾಕಿ ಇದ್ದೀ ಎಂದೆ. ಆಕೆ ಬಕೀಟು ಕೆಳಗಿಟ್ಟು ಹೇಳಿದ್ದು: "ನಳ ಒಂದು ಹನಿ ಸೋರಂಗಿಲ್ಲರಿ ಸಾವಕಾರ್ರ. ಅಂಥಾ ಬಿಲ್ಲಿ ಒಂದು ನಿಮ್ಮ ಬಾಯಿಗೂ ಹಾಕಿಸ್ಕೋರಿ. ಅಕ್ಕಾರು ಮನಿ ಬಿಟ್ಟಿದ್ದು ತೊಗಲಿಗಲ್ಲ." ಎಮ್ಮೆ ಕಾಯುವವಳಿಂದ ಅಧ್ಯಕ್ಷ ಇದನ್ನು ಕೇಳಬೇಕು. ಕೇಳಿದೆ.

ಈಗ ನಿಜವಾದ ಸಂಕಟ. ಬಾವಿ ತಳ ಕಂಡಿದೆ, ನೀರು ರಾಡಿ ಬಣ್ಣಕ್ಕೆ ಬಂದಿದೆ. ಹಿಂದಿನ ಓಣಿಯಲ್ಲಿ ಈ ವಾರ ಎರಡು ಕಾಲರಾ ಆಗಿವೆ, ಒಬ್ಬ ಉಳಿದ, ಒಬ್ಬಳು ಉಳಿಯಲಿಲ್ಲ. ಡಾಕ್ಟರು ಬಾವಿಗೆ ಕೆಂಪು ಔಷಧ ಹಾಕಿಸಿದರೆ, ನೀರಿನ ಬಣ್ಣ ನೋಡಿ ನಮ್ಮ ಹೆಂಗಸರು ಎರಡು ದಿನ ಊರ ದನ ತೊಳೆಯುವ ಕೆರೆಗೆ ಹೋದರು. ಅದು ಬಾವಿಗಿಂತ ಕೆಟ್ಟದ್ದು. ಬಾವಿಗೆ ಕಲ್ಲು ಮುಚ್ಚಿಸಿ ಎನ್ನುತ್ತಾರೆ ಡಾಕ್ಟರು. ಮುಚ್ಚಿದರೆ ಇವರು ನಳಕ್ಕೆ ಬರುವುದಿಲ್ಲ, ಕೆರೆಗೇ ಹೋಗುತ್ತಾರೆ. ನೀನು ಬಂದು ಒಂದು ಕೊಡ ತುಂಬಿ ಮನೆಯೊಳಗೆ ಒಯ್ದರೆ ಅವತ್ತೇ ಎಲ್ಲರೂ ಬರುತ್ತಾರೆ. ಕಾಯದೆಯಿಂದ ಆಗದ್ದು, ಡಂಗುರದಿಂದ ಆಗದ್ದು, ನಿನ್ನ ಒಂದು ಕೊಡದಿಂದ ಆಗುತ್ತದೆ. ಇದನ್ನು ಬರೆಯಲು ನನಗೆ ಸಂತೋಷವೇನೂ ಇಲ್ಲ. ಅಕ್ಷಯ ತದಿಗೆಯ ದಿನ ಮುಂಜಾನೆ ನೀನು ನಳದ ಹತ್ತಿರ ನಿಂತಿರಬೇಕು. ತಳಕ್ಕೆ ಹೋದ ಕೊಡ ತೆಗೆಸಿದ್ದೇನೆ, ಒಂದು ಕಡೆ ನೆಗ್ಗಿದೆ. ಬಡಿಸಿ ಸರಿ ಮಾಡಿಸುತ್ತೇನೆಂದರೆ ಮೃಣಾಲಿನಿ ಬೇಡ ಎಂದಳು, ಅತ್ತೆಯವರನ್ನು ಕೇಳಬೇಕಂತೆ.

ಪಂಢರಿನಾಥನಿಗೂ ಅವನ ಮನೆಯವರಿಗೂ ಆಶೀರ್ವಾದ ತಿಳಿಸು. ನಿನ್ನ ಮೊಣಕಾಲಿಗೆ ದೇವರು ಬಲ ಕೊಡಲಿ, ರೈಲು ಹತ್ತುವಷ್ಟಾದರೂ.

ಯಜ್ಞೇಶ್ವರ

ತಾ. ಕ. — ಟಪಾಲಿನ ಹೊತ್ತಾಯಿತು, ಲಗುಬಗೆಯಿಂದ ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು ಇದೆ. ಬಾವಿಯ ಹತ್ತಿರ ನಾನಾಡಿದ ಆ ಮಾತು ಸಿಟ್ಟಿನಿಂದ ಬಂದದ್ದಲ್ಲ, ಅಂಜಿಕೆಯಿಂದ ಬಂದದ್ದು. ಇಂದು ಹೋಗುವುದಕ್ಕೆ ಎಂಟು ದಿನ ಮೊದಲು ಡಾಕ್ಟರ ಆಳು ಅಡ್ಡೆಗೆ ಬಂದು, ಓಣಿಯಲ್ಲಿ ಹಂಚಲು ಒಂದು ಕಟ್ಟು ಹ್ಯಾಂಡಬಿಲ್ಲು ಕೊಟ್ಟು ಹೋಗಿದ್ದ. ಬಾವಿಯ ನೀರು ಕುದಿಸಿ ಕುಡಿಯಿರಿ ಎಂದು ದಪ್ಪಕ್ಷರದಲ್ಲಿ ಇತ್ತು. ನನಗೆ ಅಷ್ಟು ಓದಲು ಬರುತ್ತದೆ. ಓದಿ ನಕ್ಕೆ. ನಮ್ಮಪ್ಪ ಕುದಿಸಿ ಕುಡಿದಿದ್ದನೇ ಎಂದೆ. ಒಬ್ಬರಿಗೂ ಹಂಚಲಿಲ್ಲ, ನಿನಗೂ ಹೇಳಲಿಲ್ಲ. ಆ ಕಟ್ಟನ್ನು ಬಚ್ಚಲ ಒಲೆಗೆ ಉರಿ ಹಚ್ಚಲು ಹಾಕಿದೆ, ಆ ಉರಿಯಲ್ಲಿ ಕಾದ ನೀರನ್ನು ಮೈಮೇಲೆ ಹಾಕಿಕೊಂಡೆ. ಕಟ್ಟಿಗೆ ಮಾರುವವನ ಮನೆಯಲ್ಲಿ ಮಗುವಿಗೆ ಒಂದು ತಂಬಿಗೆ ನೀರು ಕುದಿಯಲಿಲ್ಲ. ನೀನು ಸೇದಿ ತಂದು ಮಡಿಯಿಂದ ಕೊಟ್ಟೆ, ಹನ್ನೆರಡು ವರ್ಷದಿಂದ ನಿನ್ನ ಕೈಯನ್ನೇ ನೀನು ಬೈದುಕೊಳ್ಳುತ್ತಿದ್ದೀ, ನಾನು ನೋಡುತ್ತ ಸುಮ್ಮನಿದ್ದೆ. ಆ ಯುಗಾದಿಯ ದಿನ ಅದನ್ನೇ ಎತ್ತಿ ನಿನ್ನ ಮೇಲೆ ಹಾಕಿದೆ. ಒಂದು ಹಾಳೆ ಕೋಟಿನ ಕಿಸೆಯಲ್ಲಿ ಉಳಿದಿತ್ತು. ಸುಡಲು ಆಗಲಿಲ್ಲ. ಈ ಪಾಕೀಟಿನಲ್ಲಿ ಇಟ್ಟಿದ್ದೇನೆ, ಓದು. ಓಣಿಯೆದುರು ಹೇಳು ಎಂದರೆ ನಳದ ಕಟ್ಟೆ ಹತ್ತಿ ನಿಂತು ಹೇಳುತ್ತೇನೆ, ಅವತ್ತು ಕೂಗಿದಷ್ಟೇ ಜೋರಾಗಿ.

ತಾರೀಖು ೧೮ರೊಳಗೆ ಉತ್ತರ ಬರಬೇಕು. ಬರುವುದಿಲ್ಲ ಎಂದಾದರೂ ಸರಿ, ನಿನ್ನ ಕೈಯಿಂದಲೇ ಬರೆ.